ಡಯಾಲಿಸಿಸ್‌ನವರ ಮೈಯಲ್ಲಿ ಕೂರುವ ಕ್ಯಾಲ್ಸಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯಲ್ಲಿ ಡಯಾಲಿಸಿಸ್ ವಾರ್ಡಿನ ಸ್ಟಾಫ್ ನರ್ಸ್. ಬೆಳಗಿನ ಶಿಫ್ಟಿಗೆ ಹುನಗುಂದ, ಬೀಳಗಿ, ಬಾದಾಮಿ ಕಡೆಯವರು ನಸುಕಿನ ಬಸ್ಸು ಹಿಡಿದು ಬರುತ್ತಾರೆ. ನಾಲ್ಕು ತಾಸು ಮಷೀನಿನ ಪಕ್ಕ ಮಲಗಿದಾಗ ಮಾತು ಬಂದೇ ಬರುತ್ತದೆ. ಐದು, ಎಂಟು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಜಾಸ್ತಿ ಕೇಳೋದು ಇದನ್ನೇ: "ಎಕ್ಸ್‌ರೇದಾಗ ಕ್ಯಾಲ್ಸಿಯಂ ಕುಂತೈತಿ ಅಂದ್ರು, ಅದೇನ್ರಿ ಸಿಸ್ಟರ್?" ಅಲಾರಂ ಹೊಡೆಯುವ ನಡುವೆ ನಾನು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಯಾವ ಗುಳಿಗೆ, ಎಷ್ಟು ಅನ್ನೋದನ್ನು ಮಾತ್ರ ನಿಮ್ಮ ಕಿಡ್ನಿ ಡಾಕ್ಟರೇ ಹೇಳಬೇಕು.

ಮೈಯಲ್ಲಿ ಕ್ಯಾಲ್ಸಿಯಂ ಕೂತಿದೆ ಅಂದರೆ ಏನು?

ಕ್ಯಾಲ್ಸಿಯಂ ಇರಬೇಕಾದ ಜಾಗ ಎಲುಬು ಮತ್ತು ಹಲ್ಲು. ಅದು ರಕ್ತನಾಳದ ಗೋಡೆಯಲ್ಲಿ, ಹೃದಯದ ಕವಾಟದಲ್ಲಿ, ಕೀಲಿನ ಸುತ್ತ, ಚರ್ಮದ ಕೆಳಗೆ, ಕಣ್ಣಿನ ಬಿಳಿ ಭಾಗದಲ್ಲಿ ಹೋಗಿ ಗಟ್ಟಿಯಾಗಿ ಕೂತರೆ ತೊಂದರೆ. ಎಕ್ಸ್‌ರೇಯಲ್ಲಿ ರಕ್ತನಾಳ ಸಾಮಾನ್ಯವಾಗಿ ಕಾಣೋದೇ ಇಲ್ಲ. ಕ್ಯಾಲ್ಸಿಯಂ ಕೂತವರ ಕೈಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರೆ, ಮಣಿಕಟ್ಟಿನ ಹತ್ತಿರ ಎರಡು ಬಿಳಿ ಗೆರೆ ಜೋಡಿಯಾಗಿ ಹೋಗಿರುತ್ತವೆ, ರೈಲು ಹಳಿಯ ಹಾಗೆ. ನಡುವೆ ರಕ್ತ ಹರಿಯುವ ಜಾಗ, ಎರಡೂ ಬದಿ ಸುಣ್ಣಗಟ್ಟಿದ ಗೋಡೆ.

ಗೋಡೆ ಗಟ್ಟಿಯಾದರೆ ನಾಳ ಹಿಗ್ಗುವುದಿಲ್ಲ. ಮೇಲಿನ ಬಿಪಿ 180, 190 ಇರುತ್ತದೆ, ಕೆಳಗಿನದು 70ರ ಆಸುಪಾಸಿನಲ್ಲೇ ಉಳಿಯುತ್ತದೆ. ಹೃದಯಕ್ಕೆ ಕೆಲಸ ಜಾಸ್ತಿ. ಹೊಸ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಕೈಯಲ್ಲಿ ಎರಡು ರಕ್ತನಾಳ ಜೋಡಿಸುವುದು) ಮಾಡುವುದೂ ಕಷ್ಟವಾಗುತ್ತದೆ.

ನಾವು ಕ್ಯಾಲ್ಸಿಯಂ ಜಾಸ್ತಿ ತಿಂದಿದ್ದಕ್ಕೆ ಹೀಗಾಯಿತಾ?

ಹೆಸರು ಕ್ಯಾಲ್ಸಿಯಂದು, ಕಿತಾಪತಿ ಮಾತ್ರ ಬಹಳಷ್ಟು ಫಾಸ್ಫರಸ್‌ದು. ಈ ಒಂದು ಮಾತು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಊಟದಲ್ಲಿ ಬಂದ ಹೆಚ್ಚಿನ ಫಾಸ್ಫರಸ್ಸನ್ನು ಆರೋಗ್ಯವಂತರಲ್ಲಿ ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ಕೆಟ್ಟರೆ ಅದು ರಕ್ತದಲ್ಲೇ ಉಳಿಯುತ್ತದೆ. ಜೊತೆಗೆ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದೂ ಕಿಡ್ನಿಯೇ. ಅದೂ ನಿಲ್ಲುತ್ತದೆ. ಆಗ ಕುತ್ತಿಗೆಯಲ್ಲಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತುಕೊಳ್ಳುತ್ತವೆ. ಒಂದೊಂದೂ ಅಕ್ಕಿಕಾಳಿನಷ್ಟು ದೊಡ್ಡದು, ಅಷ್ಟೇ. ಅವು ಪಿಟಿಎಚ್ ಎಂಬ ಹಾರ್ಮೋನು ಸುರಿಸಿ, ಎಲುಬು ಕರಗಿಸಿ ಕ್ಯಾಲ್ಸಿಯಂ, ಫಾಸ್ಫರಸ್ ಎರಡನ್ನೂ ರಕ್ತಕ್ಕೆ ಬಿಡುತ್ತವೆ. ಒಂದು ಕಡೆ ಎಲುಬು ಸವೆಯುತ್ತದೆ, ಇನ್ನೊಂದು ಕಡೆ ನಾಳ ಎಲುಬಿನ ಹಾಗೆ ಆಗುತ್ತದೆ. ಫಾಸ್ಫರಸ್ ಹೆಚ್ಚಾದಾಗ ನಾಳದ ಗೋಡೆಯ ಕೋಶಗಳೇ ಎಲುಬು ಕಟ್ಟುವ ಕೋಶಗಳ ಥರ ವರ್ತಿಸಲು ಶುರು ಮಾಡುತ್ತವೆ. ಹಾಗಾಗಿ ಇದನ್ನು ಸುಮ್ನೆ ಪೈಪಿನಲ್ಲಿ ಕಟ್ಟಿದ ಸುಣ್ಣ ಅಂದುಕೊಳ್ಳಬೇಡಿ. ತೊಳೆದರೆ ಹೋಗುವ ವಸ್ತು ಇದಲ್ಲ.

ಇದರ ಮೇಲೆ ಕ್ಯಾಲ್ಸಿಯಂ ಗುಳಿಗೆಯನ್ನೂ ಮನಸ್ಸಿಗೆ ಬಂದಷ್ಟು ನುಂಗಿದರೆ ಉರಿಯುವ ಒಲೆಗೆ ಕಟ್ಟಿಗೆ ಇಟ್ಟ ಹಾಗೆ.

ನಮ್ಮೂರ ಬೋರ್ ನೀರು ಬಹಳ ಸವಳು. ಹಂಡೆಗೆಲ್ಲ ಬಿಳಿ ಪದರ ಕಟ್ಟುತ್ತದೆ. ಅದೇ ಮೈಯಲ್ಲೂ ಕಟ್ಟಿತಾ?

ವಿಜಯಪುರ, ಬಾಗಲಕೋಟೆ ಕಡೆಯವರು ಇದನ್ನು ಕೇಳದೇ ಇರುವುದಿಲ್ಲ. ಹಂಡೆ ನೋಡಿದವರಿಗೆ ಹಾಗೆ ಅನಿಸೋದು ಸಹಜ. ಆದರೆ ಡಯಾಲಿಸಿಸ್‌ನವರು ದಿನಕ್ಕೆ ಕುಡಿಯುವುದೇ ಒಂದು ಲೀಟರಿನ ಆಚೀಚೆ. ಅದರಲ್ಲಿ ಬರುವ ಕ್ಯಾಲ್ಸಿಯಂ ಗುಳಿಗೆ ಮತ್ತು ಹಾಲಿನ ಮುಂದೆ ಸಣ್ಣದು.

ಚಿಂತೆ ಮಾಡಬೇಕಾದ ನೀರು ಬೇರೆ ಇದೆ. ಒಂದು ಸಲದ ಡಯಾಲಿಸಿಸ್‌ಗೆ ಮಷೀನು ಸುಮಾರು 120 ಲೀಟರ್ ನೀರು ಬಳಸುತ್ತದೆ. ನಿಮಿಷಕ್ಕೆ 500 ಮಿಲಿಲೀಟರ್, ನಾಲ್ಕು ತಾಸು. ಆ ನೀರಿಗೂ ನಿಮ್ಮ ರಕ್ತಕ್ಕೂ ನಡುವೆ ಇರುವುದು ತೆಳ್ಳನೆಯ ಪೊರೆ ಮಾತ್ರ. ನೀರಿನ ಗಡಸುತನ ತೆಗೆಯುವ ಸಾಫ್ಟ್ನರ್ ಅಥವಾ ಆರ್‌ಒ ಕೆಟ್ಟು ಗಡಸು ನೀರು ಬಂದರೆ ಡಯಾಲಿಸಿಸ್ ನಡೆದಾಗಲೇ ವಾಂತಿ, ತಲೆನೋವು, ಬಿಪಿ ಏರಿಕೆ ಶುರುವಾಗುತ್ತದೆ. ನಮ್ಮ ಕಡೆ ನೀರೇ ಗಡಸು ಇರುವುದರಿಂದ ಆರ್‌ಒ ಪ್ಲಾಂಟಿನ ಹಾರ್ಡ್‌ನೆಸ್ ಪರೀಕ್ಷೆ ದಿನವೂ ನಡೆಯಬೇಕು. ಅದರ ರಿಜಿಸ್ಟರ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಕೇಳಿದರೆ ನಾನಂತೂ ಬೇಜಾರು ಮಾಡಿಕೊಳ್ಳೋದಿಲ್ಲ.

ತಪ್ಪದೇ ಡಯಾಲಿಸಿಸ್‌ಗೆ ಬರುತ್ತೇವೆ. ಆದರೂ ಫಾಸ್ಫರಸ್ ಯಾಕೆ ಇಳಿಯುವುದಿಲ್ಲ?

ಒಂದು ಲೆಕ್ಕ ಹಾಕೋಣ. ಸಾಧಾರಣ ಊಟದಲ್ಲಿ ದಿನಕ್ಕೆ 1000 ಮಿಲಿಗ್ರಾಂ ಫಾಸ್ಫರಸ್ ಇರುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ 600 ಮೈಗೆ ಹಿಡಿಯಿತು. ವಾರಕ್ಕೆ 4200 ಆಯಿತು. ನಾಲ್ಕು ತಾಸಿನ ಒಂದು ಡಯಾಲಿಸಿಸ್ ತೆಗೆಯುವುದು ಸುಮಾರು 800. ವಾರಕ್ಕೆ ಮೂರು ಸಲ ಮಾಡಿಸಿದರೆ 2400. ನಮ್ಮಲ್ಲಿ ಬಹಳ ಜನ ಎರಡೇ ಸಲ ಬರುತ್ತಾರೆ, ಅವರಿಗೆ 1600. ಉಳಿದದ್ದು ಎಲ್ಲಿ ಹೋಗಬೇಕು ಹೇಳಿ?

ಅದಕ್ಕೇ ಫಾಸ್ಫರಸ್ ಹಿಡಿಯುವ ಗುಳಿಗೆ ಬೇಕು, ಊಟದಲ್ಲಿ ಎಚ್ಚರ ಬೇಕು. "ಬಸ್ಸಿಗೆ ತಡ ಆತು, ಮೂರೂವರೆ ತಾಸಿಗೆ ಬಿಡ್ರಿ" ಅಂತ ಕೇಳುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ. ಫಾಸ್ಫರಸ್ ಕೋಶಗಳ ಒಳಗಿಂದ ನಿಧಾನವಾಗಿ ಹೊರಗೆ ಬರುತ್ತದೆ. ಯೂರಿಯಾ ಹಾಗೆ ಬೇಗ ಹೋಗೋದಿಲ್ಲ. ಅದಕ್ಕೆ ಸಮಯವೇ ಮದ್ದು.

ಯಾವ ಪರೀಕ್ಷೆ, ಎಷ್ಟು ಇರಬೇಕು?

ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಒಂದರಿಂದ ಮೂರು ತಿಂಗಳಿಗೊಮ್ಮೆ, ಪಿಟಿಎಚ್ ಮೂರರಿಂದ ಆರು ತಿಂಗಳಿಗೊಮ್ಮೆ. ಫಾಸ್ಫರಸ್ ಆರೋಗ್ಯವಂತರಲ್ಲಿ ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ. ಡಯಾಲಿಸಿಸ್‌ನವರಲ್ಲಿ 5.5ರ ಒಳಗೆ ತಂದು, ಆಮೇಲೆ ಆದಷ್ಟು ಆ ಮಟ್ಟದ ಹತ್ತಿರ ಒಯ್ಯಲು ನೋಡುತ್ತಾರೆ. ಪಿಟಿಎಚ್ ಮಾತ್ರ ಪೂರ್ತಿ ನಾರ್ಮಲ್ ಬೇಡ. ಲ್ಯಾಬಿನ ಮೇಲಿನ ಮಿತಿಯ 2ರಿಂದ 9 ಪಟ್ಟಿನವರೆಗೆ ಇದ್ದರೆ ನಡೆಯುತ್ತದೆ. ಏರುತ್ತಲೇ ಇದೆಯಾ ಅನ್ನೋದೇ ಮುಖ್ಯ, ಹಾಗಾಗಿ ಹಳೆಯ ರಿಪೋರ್ಟ್ ಎಸೆಯಬೇಡಿ.

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಕಡಿಮೆ ಇದ್ದರೆ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಸುಳ್ಳೇ ಕಡಿಮೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದಕ್ಕೆ 0.8 ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸುತ್ತಾರೆ. ಕ್ಯಾಲ್ಸಿಯಂ 8.2, ಆಲ್ಬುಮಿನ್ 2.5 ಇದ್ದರೆ ನಿಜವಾದದ್ದು ಅಂದಾಜು 9.4. ಅಂದರೆ ಸರಿಯಾಗೇ ಇದೆ. ಲ್ಯಾಬಿನವರು 8.2ರ ಪಕ್ಕ ಚುಕ್ಕೆ ಹಾಕಿದ್ದನ್ನು ನೋಡಿ ಅಂಗಡಿಯಿಂದ ಕ್ಯಾಲ್ಸಿಯಂ ಗುಳಿಗೆ ತಂದವರನ್ನು ನಾನು ಎಷ್ಟೋ ಜನ ನೋಡಿದ್ದೇನೆ.

ಕೂತಿದೆಯಾ ಅಂತ ನೋಡಲು ಪಕ್ಕದಿಂದ ತೆಗೆಯುವ ಹೊಟ್ಟೆಯ ಎಕ್ಸ್‌ರೇ, ಕವಾಟಕ್ಕೆ ಎಕೋ (ಹೃದಯದ ಸ್ಕ್ಯಾನ್), ಬೇಕಾದರೆ ಸಿಟಿ ಮಾಡಿಸುತ್ತಾರೆ.

ಫಾಸ್ಫರಸ್ ಇಳಿಸುವ ಗುಳಿಗೆ ನುಂಗುತ್ತಲೇ ಇದ್ದೇನೆ, ಪರಿಣಾಮವೇ ಇಲ್ಲ. ಯಾಕೆ?

ಯಾವಾಗ ನುಂಗುತ್ತೀರಿ ಅನ್ನೋದನ್ನು ಮೊದಲು ಹೇಳಿ. ಮುದ್ದೇಬಿಹಾಳ ಕಡೆಯ ಒಬ್ಬ ಕಾಕಾ ಮೂರೂ ಹೊತ್ತಿನ ಗುಳಿಗೆಯನ್ನು ರಾತ್ರಿ ಮಲಗುವಾಗ ಒಟ್ಟಿಗೆ ನುಂಗುತ್ತಿದ್ದರು. "ಮರೀಬಾರ್ದು ಅಂತ್ರಿ" ಅಂದರು. ತಪ್ಪದೇ ನುಂಗಿದ್ದರು, ಹೊಟ್ಟೆಯಲ್ಲಿ ಊಟವೇ ಇರಲಿಲ್ಲ. ಈ ಗುಳಿಗೆ ರಕ್ತಕ್ಕೆ ಹೋಗಿ ಕೆಲಸ ಮಾಡುವುದಿಲ್ಲ. ಊಟದಲ್ಲಿನ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದು ಮಲದಲ್ಲಿ ಹೊರಗೆ ಒಯ್ಯುತ್ತದೆ. ಅದಕ್ಕೇ ಮೊದಲ ತುತ್ತಿನ ಜೊತೆ ಅಥವಾ ಊಟದ ನಡುವೆ ನುಂಗಬೇಕು. ಗುಳಿಗೆಯನ್ನು ರೊಟ್ಟಿ ಬುಟ್ಟಿಯ ಪಕ್ಕದಲ್ಲೇ ಇಡಿ. ಜಾತ್ರೆ, ಮದುವೆಗೆ ಹೊರಟರೆ ಜೇಬಿನಲ್ಲಿರಲಿ.

ಈ ಗುಳಿಗೆಗಳಿಗೆ ಬೈಂಡರ್ ಅನ್ನುತ್ತಾರೆ, ಅದರಲ್ಲಿ ಹಲವು ಬಗೆ. ಸೆವೆಲಮರ್ ಗುಳಿಗೆಯನ್ನು ಅಗಿಯದೆ ಇಡಿಯಾಗಿ ನುಂಗಬೇಕು. ಲ್ಯಾಂಥನಮ್ ಗುಳಿಗೆಯನ್ನು ಚೆನ್ನಾಗಿ ಅಗಿದೇ ನುಂಗಬೇಕು. ಕಬ್ಬಿಣ ಇರುವ ಬೈಂಡರ್ ತಗೊಂಡರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಸೆವೆಲಮರ್‌ನಿಂದ ಮಲಬದ್ಧತೆ ಆಗಬಹುದು, ಅದನ್ನು ಮುಚ್ಚಿಡದೆ ಹೇಳಿ.

ಮೊದಲು ಕ್ಯಾಲ್ಸಿಯಂ ಅಸಿಟೇಟ್ ಕೊಟ್ಟಿದ್ದರು. ಈಗ ದುಬಾರಿ ಗುಳಿಗೆ ಬರೆದಿದ್ದಾರೆ. ಬದಲಿಸಲೇಬೇಕಾ?

ಕ್ಯಾಲ್ಸಿಯಂ ಕಾರ್ಬೊನೇಟ್, ಅಸಿಟೇಟ್ ಎರಡೂ ಫಾಸ್ಫರಸ್ಸನ್ನು ಹಿಡಿಯುತ್ತವೆ, ಅಗ್ಗವೂ ಹೌದು. ಆದರೆ ಅವುಗಳಲ್ಲಿನ ಕ್ಯಾಲ್ಸಿಯಂನ ಒಂದು ಪಾಲು ಮೈಗೆ ಸೇರುತ್ತದೆ. 667 ಮಿಲಿಗ್ರಾಂ ಅಸಿಟೇಟ್ ಗುಳಿಗೆಯಲ್ಲಿ 169 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ ಆರು ನುಂಗಿದರೆ ಸಾವಿರದ ಮೇಲೆ. ಈಗಾಗಲೇ ನಾಳದಲ್ಲಿ ಕೂತವರಿಗೆ, ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಿಗೆ ಇದು ಬೇಡ ಅಂತಲೇ ಡಾಕ್ಟರ್ ಬದಲಿಸುವುದು. ದುಡ್ಡಿನ ತೊಂದರೆ ಇದ್ದರೆ ಬಾಯಿ ಬಿಟ್ಟು ಹೇಳಿ. ಜೆನೆರಿಕ್ ಗುಳಿಗೆ ಸಿಗುತ್ತದಾ, ಎರಡನ್ನೂ ಸ್ವಲ್ಪ ಸ್ವಲ್ಪ ಹೊಂದಿಸಬಹುದಾ ಅಂತ ಅವರು ನೋಡುತ್ತಾರೆ. ಹೇಳದೇ ಬಿಟ್ಟುಬಿಡುವುದು ಮಾತ್ರ ಬೇಡ.

ಅಸಿಡಿಟಿಗೆ ಅಂತ ಅಂಗಡಿಯಲ್ಲಿ ಸಿಗುವ ಸಿರಪ್ಪು, ಚೀಪುವ ಗುಳಿಗೆ ಕೂಡ ಸುಮ್ನೆ ತಗೋಬೇಡಿ. ಕೆಲವುಗಳಲ್ಲಿ ಕ್ಯಾಲ್ಸಿಯಂ ಇರುತ್ತದೆ, ಕೆಲವುಗಳಲ್ಲಿ ಅಲ್ಯುಮಿನಿಯಂ. ಡಯಾಲಿಸಿಸ್‌ನವರಲ್ಲಿ ಅಲ್ಯುಮಿನಿಯಂ ಎಲುಬಿಗೂ ಮೆದುಳಿಗೂ ಕೆಟ್ಟದ್ದು.

ಮೊಣಕಾಲು ನೋವಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಪುಡಿ ತಗೋಬಹುದಾ?

ನಿಮ್ಮ ಕಿಡ್ನಿ ಡಾಕ್ಟರಿಗೆ ಕೇಳದೆ ಬೇಡವೇ ಬೇಡ. ನಿಮ್ಮ ಎಲುಬು ನೋವಿಗೆ ಕ್ಯಾಲ್ಸಿಯಂ ಕೊರತೆಗಿಂತ ಪಿಟಿಎಚ್ ಕಾರಣ ಇರಬಹುದು.

ಏನು ತಿನ್ನಬೇಕು? ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ.

ಗೊತ್ತು. ನನಗೂ ಇಳಿಯೋದಿಲ್ಲ. ಜೋಳದ ರೊಟ್ಟಿ ತಿನ್ನಿ. ಕಾಳುಕಡಿಯ ಫಾಸ್ಫರಸ್ ಅರ್ಧಕ್ಕರ್ಧ ಮೈಗೆ ಹಿಡಿಯುವುದೇ ಇಲ್ಲ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿ ಒಂದು ಸಣ್ಣ ಚಮಚಕ್ಕೆ ನಿಲ್ಲಲಿ, ದಿನವೂ ಮೂರೂ ಬೇಡ. ಹಾಲು, ಮೊಸರು ಎಷ್ಟು ಅಂತ ಅಳೆದು ತಗೊಳ್ಳಿ. ಬೆಳಗಾವಿ ಕುಂದಾ ಅಂದರೆ ಹಾಲನ್ನು ಬತ್ತಿಸಿದ್ದು, ಫಾಸ್ಫರಸ್ಸೂ ಅಷ್ಟೇ ಗಟ್ಟಿಯಾಗಿರುತ್ತದೆ. ಅಮೀನಗಡದ ಕರದಂಟಿನಲ್ಲಿ ಗೋಡಂಬಿ, ಬದಾಮು, ಉತ್ತತ್ತಿ ಎಲ್ಲ ಇರುವುದರಿಂದ ಫಾಸ್ಫರಸ್ ಜೊತೆ ಪೊಟ್ಯಾಶಿಯಂ ಕೂಡ ಏರುತ್ತದೆ. ಹಬ್ಬಕ್ಕೆ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಅದರ ಜೊತೆಗೂ ಗುಳಿಗೆ ಬೇಕಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ನಿಜವಾಗಿ ದೂರ ಇಡಬೇಕಾದದ್ದು ಪಾಕೀಟು ಮತ್ತು ಬಾಟಲಿಯದ್ದು. ಕೆಡದಂತೆ, ಮೆತ್ತಗಿರುವಂತೆ ಬೆರೆಸಿದ ಫಾಸ್ಫೇಟು ಹೆಚ್ಚುಕಡಿಮೆ ಪೂರ್ತಿ ಮೈಗೆ ಹಿಡಿಯುತ್ತದೆ. ಲೇಬಲ್ಲಿನಲ್ಲಿ ಐಎನ್‌ಎಸ್ (ಬೆರೆಸಿದ ವಸ್ತುವಿನ ಸಂಖ್ಯೆ) 338ರಿಂದ 341, ಅಥವಾ 450, 451, 452 ಅಂತಿದ್ದರೆ ಕೆಳಗಿಡಿ. ಕಪ್ಪು ಕೋಲಾದಲ್ಲಿ ಇರುವುದು 338.

ಹೆದರಿ ಉಪವಾಸ ಮಾತ್ರ ಬೀಳಬೇಡಿ. ಡಯಾಲಿಸಿಸ್‌ನವರಿಗೆ ಮೈತೂಕದ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನು ದಿನಾ ಬೇಕು. ಮೊಟ್ಟೆ ತಿನ್ನುವವರಿಗೆ ಬಿಳಿ ಭಾಗ ಬಹಳ ಒಳ್ಳೆಯದು, ಅದರಲ್ಲಿ ಫಾಸ್ಫರಸ್ ಇಲ್ಲವೆನ್ನುವಷ್ಟು ಕಡಿಮೆ.

ಎಲೆ ಅಡಿಕೆ ಹಾಕಬಹುದಾ?

ಸುಣ್ಣದ ಮಾತು ಬಂತು. ಸುಣ್ಣ ಅಂದರೆ ಕ್ಯಾಲ್ಸಿಯಂ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಅಜ್ಜಿಯ ಕ್ಯಾಲ್ಸಿಯಂ ತಿಂಗಳುಗಟ್ಟಲೆ 11ರಿಂದ ಕೆಳಗೆ ಬರಲಿಲ್ಲ. ಕ್ಯಾಲ್ಸಿಯಂ ಗುಳಿಗೆ ಇಲ್ಲ, ವಿಟಮಿನ್ ಡಿ ಇಲ್ಲ. ಒಂದು ದಿನ ಹಾಸಿಗೆ ಬದಲಿಸುವಾಗ ದಿಂಬಿನ ಕೆಳಗಿಂದ ಎಲೆಸಂಚಿ ಬಿತ್ತು. ಅದರೊಳಗಿನ ಹಿತ್ತಾಳೆ ಡಬ್ಬಿಯಲ್ಲಿ ಬೆರಳು ಓಡಾಡಿ ಸುಣ್ಣದಲ್ಲಿ ಗುಳಿ ಬಿದ್ದಿತ್ತು. ತಾಸಿಗೊಂದು ಎಲೆ. "ಸುಣ್ಣ ಬಿಟ್ರ ಬಾಯಿಗೆ ರುಚಿನ ಇರಂಗಿಲ್ಲವ್ವಾ" ಅಂದರು. ಬಿಟ್ಟರು. ಮುಂದಿನ ರಿಪೋರ್ಟುಗಳಲ್ಲಿ ಕ್ಯಾಲ್ಸಿಯಂ ಇಳಿಯಿತು. ತಂಬಾಕಿಗೆ ಸುಣ್ಣ ತಿಕ್ಕಿ ಹಾಕುವ ಗಂಡಸರಿಗೂ ಇದೇ ಮಾತು. ತಂಬಾಕಿನ ಕೆಡುಕು ಬೇರೆ.

ಪಿಟಿಎಚ್ ಬಹಳ ಏರಿದೆ, ಕುತ್ತಿಗೆ ಆಪರೇಷನ್ ಅಂದಿದ್ದಾರೆ. ಬೇಕಾ?

ಮೊದಲು ಗುಳಿಗೆಯಲ್ಲೇ ನೋಡುತ್ತಾರೆ. ಸಿನಾಕ್ಯಾಲ್ಸೆಟ್ ಪಿಟಿಎಚ್ ಇಳಿಸುತ್ತದೆ, ಕ್ಯಾಲ್ಸಿಯಂ ಕೂಡ ಇಳಿಯುತ್ತದೆ. ವಾಕರಿಕೆ ಬರಬಹುದು, ಊಟದ ಜೊತೆ ತಗೊಂಡರೆ ತಡೆದುಕೊಳ್ಳಬಹುದು. ಇದಕ್ಕೂ ಬಗ್ಗದಿದ್ದರೆ ಉಬ್ಬಿದ ಗ್ರಂಥಿಗಳನ್ನು ತೆಗೆಯುತ್ತಾರೆ. ಆಪರೇಷನ್ ಆದ ಮೇಲೆ ಹಸಿದ ಎಲುಬು ಕ್ಯಾಲ್ಸಿಯಂ ಗಬಗಬ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಕುಸಿದು ತುಟಿ, ಬೆರಳು ಜುಮ್ಮೆನ್ನುತ್ತವೆ, ಕೈ ಸೆಟೆಯುತ್ತದೆ. ಆಗ ಕ್ಯಾಲ್ಸಿಯಂ ಕೊಡಲೇಬೇಕು. ಇಲ್ಲಿಯವರೆಗೆ ಬೇಡ ಬೇಡ ಅಂದವರು ಈಗ ಕೊಡುತ್ತಿದ್ದಾರಲ್ಲ ಅಂತ ಗೊಂದಲ ಮಾಡಿಕೊಳ್ಳಬೇಡಿ.

ಭುಜದ ಹತ್ತಿರ ಗಡ್ಡೆ ಬೆಳೆದಿದೆ. ಸೂಜಿ ಹಾಕಿದರೆ ಸುಣ್ಣದ ನೀರಿನಂಥದ್ದು ಬಂತು.

ಭುಜ, ಸೊಂಟ, ಮೊಣಕೈ ಕೀಲಿನ ಸುತ್ತ ಹೀಗೆ ಕ್ಯಾಲ್ಸಿಯಂ ಗಡ್ಡೆ ಕಟ್ಟುವುದುಂಟು. ಕ್ಯಾನ್ಸರ್ ಅಲ್ಲ. ಮತ್ತೆ ಮತ್ತೆ ಚುಚ್ಚಿದರೆ ಸೋಂಕು ಆಗಿ ಸೋರಲು ಶುರುವಾಗುತ್ತದೆ, ಚುಚ್ಚಿಸಬೇಡಿ. ಡಯಾಲಿಸಿಸ್ ಹೆಚ್ಚಿಸಿ, ಫಾಸ್ಫರಸ್ ಬಿಗಿ ಹಿಡಿದರೆ ಎಷ್ಟೋ ಗಡ್ಡೆ ತಿಂಗಳುಗಳಲ್ಲಿ ಕುಗ್ಗುತ್ತವೆ. ನರ ಒತ್ತುತ್ತಿದ್ದರೆ, ಕೀಲು ಆಡದಿದ್ದರೆ ಆಪರೇಷನ್. ಫಾಸ್ಫರಸ್ ಹಾಗೇ ಬಿಟ್ಟು ಗಡ್ಡೆ ಮಾತ್ರ ತೆಗೆದರೆ ಮತ್ತೆ ಬರುತ್ತದೆ.

ತೊಡೆಯ ಮೇಲೆ ನೇರಳೆ ಕಲೆ, ತಡೆಯಲಾರದ ನೋವು. ಏನಿದು?

ಇದನ್ನು ಓದುತ್ತಿರುವವರಿಗೆ ಈಗಲೇ ಹಾಗಿದ್ದರೆ ಓದುವುದನ್ನು ನಿಲ್ಲಿಸಿ ದವಾಖಾನೆಗೆ ಹೊರಡಿ.

ಇದು ಕ್ಯಾಲ್ಸಿಫೈಲ್ಯಾಕ್ಸಿಸ್ ಇರಬಹುದು. ಚರ್ಮಕ್ಕೆ, ಕೊಬ್ಬಿಗೆ ರಕ್ತ ಒಯ್ಯುವ ಸಣ್ಣ ನಾಳಗಳಲ್ಲಿ ಕ್ಯಾಲ್ಸಿಯಂ ಕೂತು, ಮೇಲೆ ರಕ್ತ ಹೆಪ್ಪುಗಟ್ಟಿ, ಆ ಭಾಗದ ಚರ್ಮ ಸಾಯುತ್ತದೆ. ಅಪರೂಪದ್ದು, ಆದರೆ ಬಹಳ ಕೆಟ್ಟದ್ದು. ಬಂದವರಲ್ಲಿ ಅರ್ಧದಷ್ಟು ಜನ, ಕೆಲವು ಕಡೆ ಇನ್ನೂ ಹೆಚ್ಚು, ವರ್ಷದೊಳಗೆ ತೀರಿಕೊಳ್ಳುತ್ತಾರೆ. ಜಾಸ್ತಿಯವರನ್ನು ಒಯ್ಯುವುದು ಗಾಯದ ಸೋಂಕು. ಹೆಂಗಸರು, ತೂಕ ಹೆಚ್ಚಿದ್ದವರು, ಸಕ್ಕರೆ ಕಾಯಿಲೆಯವರು, ಆಲ್ಬುಮಿನ್ ಇಳಿದವರು, ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ಹೆಚ್ಚು ಎಚ್ಚರ ಇರಬೇಕು.

ನಾನು ನೋಡಿದ ಒಬ್ಬ ಅಕ್ಕ ಮೂರು ವಾರ "ಬಸ್ಸಿನ ಸೀಟಿಗೆ ಬಡದೈತ್ರಿ" ಅನ್ನುತ್ತಿದ್ದರು. ಮೊದಲ ವಾರ ನಾನು ಸೀರೆ ಸರಿಸಿ ನೋಡಲಿಲ್ಲ. ನೋಡುವ ಹೊತ್ತಿಗೆ ತೊಡೆಯ ಒಳಬದಿಯಲ್ಲಿ ಮೀನಿನ ಬಲೆಯ ಹಾಗೆ ನೇರಳೆ ಗೆರೆಗಳು, ಕೆಳಗೆ ಕಲ್ಲಿನಂಥ ಗಟ್ಟಿ, ನಡುವೆ ರೂಪಾಯಿಯಗಲ ಕಪ್ಪು. ಚಾದರ ತಾಗಿದರೂ ಅಳುತ್ತಿದ್ದರು. ಆ ಮೊದಲ ವಾರ ಇವತ್ತಿಗೂ ನನ್ನನ್ನು ಕಾಡುತ್ತದೆ.

ಸಕ್ಕರೆ ಕಾಯಿಲೆಯ ಗ್ಯಾಂಗ್ರಿನ್ ಸಾಮಾನ್ಯವಾಗಿ ಕಾಲ್ಬೆರಳಿನಿಂದ ಶುರುವಾಗುತ್ತದೆ. ಇದು ತೊಡೆ, ಹೊಟ್ಟೆ, ಎದೆ, ಹೀಗೆ ಕೊಬ್ಬಿರುವ ಕಡೆ ಹೆಚ್ಚು. ಗಾಯಕ್ಕಿಂತ ಮೊದಲೇ ನೋವು ಬರುತ್ತದೆ, ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಎಣ್ಣೆ ತಿಕ್ಕಬೇಡಿ, ಶಾಖ ಕೊಡಬೇಡಿ, ಆ ಜಾಗದಲ್ಲಿ ಇನ್ಸುಲಿನ್ ಚುಚ್ಚಬೇಡಿ.

ಅದಕ್ಕೆ ಚಿಕಿತ್ಸೆ ಏನು?

ಒಂದೇ ಔಷಧದಿಂದ ಆಗುವುದಿಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ನಿಲ್ಲಿಸುತ್ತಾರೆ. ಡಯಾಲಿಸಿಸ್ ಹೆಚ್ಚಿಸುತ್ತಾರೆ, ಅದರ ದ್ರಾವಣದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡುತ್ತಾರೆ. ಪಿಟಿಎಚ್ ಏರಿದ್ದರೆ ಅದನ್ನು ಇಳಿಸುತ್ತಾರೆ. ಗಾಯದ ಡ್ರೆಸ್ಸಿಂಗ್, ಸತ್ತ ಚರ್ಮ ತೆಗೆಯುವುದು, ಸೋಂಕಿಗೆ ಔಷಧ, ಇವೆಲ್ಲ ತಿಂಗಳುಗಟ್ಟಲೆ ನಡೆಯುತ್ತವೆ. ನೋವಿಗೆ ಗಟ್ಟಿ ಔಷಧ ಬೇಕು. ಮಾರ್ಫಿನ್ ಡಯಾಲಿಸಿಸ್‌ನವರ ಮೈಯಲ್ಲಿ ಉಳಿದುಕೊಳ್ಳುವುದರಿಂದ ಫೆಂಟನಿಲ್‌ನಂಥದ್ದು ಕೊಡುತ್ತಾರೆ.

ಸೋಡಿಯಂ ಥಯೋಸಲ್ಫೇಟ್ ಅಂತ ಒಂದು ಇಂಜೆಕ್ಷನ್ ಇದೆ. ಸೈನೈಡ್ ವಿಷಕ್ಕೆ ಕೊಡುತ್ತಿದ್ದ ಹಳೆಯ ಮದ್ದು. ಫೋಟೋ ಸ್ಟುಡಿಯೋದ ಹಳಬರಿಗೆ ಹೈಪೋ ಅಂದರೆ ಗೊತ್ತಾಗುತ್ತದೆ, ಅದೇ ವಸ್ತು. ಸಾಮಾನ್ಯವಾಗಿ 25 ಗ್ರಾಂ, ಡಯಾಲಿಸಿಸ್‌ನ ಕೊನೆಯ ತಾಸಿನಲ್ಲಿ, ವಾರಕ್ಕೆ ಮೂರು ಸಲ, ಹಲವು ವಾರ. ವಾಕರಿಕೆ, ವಾಂತಿ ಬರುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಬಿಪಿ ಇಳಿಯಬಹುದು. ದೊಡ್ಡ ಪ್ರಯೋಗಗಳಲ್ಲಿ ಇದರ ಗುಣ ಗಟ್ಟಿಯಾಗಿ ಸಾಬೀತಾಗಿಲ್ಲ, ಆದರೂ ನೋವು ಇಳಿದು ಗಾಯ ಮಾಯ್ದವರಿದ್ದಾರೆ. ಹಾಗಾಗಿ ಡಾಕ್ಟರು ಬಳಸುತ್ತಾರೆ. ಮನೆಯವರಿಗೆ ಈ ಎರಡೂ ಮಾತನ್ನು ಮೊದಲೇ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ.

ರಕ್ತ ತೆಳು ಮಾಡುವ ಗುಳಿಗೆ ಬಿಡಬೇಕಾ?

ವಾರ್ಫರಿನ್, ಆಸಿಟ್ರಾಮ್ ಥರದ ಗುಳಿಗೆ ವಿಟಮಿನ್ ಕೆಯನ್ನು ತಡೆಯುತ್ತವೆ. ನಾಳದಲ್ಲಿ ಕ್ಯಾಲ್ಸಿಯಂ ಕೂರದಂತೆ ಕಾಯುವ ಒಂದು ಪ್ರೋಟೀನಿಗೆ ಅದೇ ವಿಟಮಿನ್ ಬೇಕು. ಆದರೆ ಕೃತಕ ಕವಾಟ ಇರುವವರು ತಾವೇ ಬಿಟ್ಟರೆ ಕವಾಟ ಕಟ್ಟಿಕೊಂಡು ಜೀವಕ್ಕೇ ಅಪಾಯ. ಹೃದಯದ ಡಾಕ್ಟರು, ಕಿಡ್ನಿ ಡಾಕ್ಟರು ಇಬ್ಬರೂ ಕೂಡಿ ತೀರ್ಮಾನಿಸಬೇಕು.

ಕಲ್ಲು ಕರಗಿಸುವ ನಾಟಿ ಔಷಧ, ಬಾಳೆದಿಂಡಿನ ರಸ ಕುಡಿದರೆ ಕರಗುತ್ತದಾ?

ಇಲ್ಲ. ಬಾಳೆದಿಂಡಿನಲ್ಲಿ ಪೊಟ್ಯಾಶಿಯಂ ಬಹಳ. ಮೂತ್ರವೇ ಬರದವರಿಗೆ ಅದು ಹೃದಯ ನಿಲ್ಲಿಸಬಹುದು.

ಕಿಡ್ನಿ ಕಸಿ ಮಾಡಿಸಿದರೆ ಹೋಗುತ್ತದಾ?

ಕೀಲಿನ ಗಡ್ಡೆಗಳು ಕಸಿಯ ನಂತರ ಚೆನ್ನಾಗಿ ಕುಗ್ಗುತ್ತವೆ. ನಾಳದಲ್ಲಿ ಕೂತದ್ದು ಹೆಚ್ಚಾಗಿ ಹಾಗೇ ಉಳಿಯುತ್ತದೆ, ಮುಂದೆ ಏರುವ ವೇಗ ತಗ್ಗಬಹುದು. ಹೊಸ ಕಿಡ್ನಿಯನ್ನು ಜೋಡಿಸುವುದು ಕೆಳಹೊಟ್ಟೆಯ ನಾಳಕ್ಕೆ. ಅಲ್ಲೇ ಸುಣ್ಣಗಟ್ಟಿದ್ದರೆ ಹೊಲಿಗೆ ಹಾಕುವುದು ಕಷ್ಟ. ಹಾಗಾಗಿ ಕಸಿಯ ಯೋಚನೆ ಇದ್ದವರು ಫಾಸ್ಫರಸ್ ವಿಷಯದಲ್ಲಿ ಮೊದಲ ವರ್ಷದಿಂದಲೇ ಬಿಗಿಯಾಗಿರಬೇಕು. ದಾನಿ ಮನೆಯಲ್ಲಿ ಇಲ್ಲದವರು ಕಸಿ ಮಾಡುವ ಆಸ್ಪತ್ರೆಯ ಮೂಲಕ ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಬಹುದು.

ಮನೆಯವರು ಏನು ನೋಡುತ್ತಿರಬೇಕು?

ವಾರಕ್ಕೊಮ್ಮೆ ಸ್ನಾನದ ಹೊತ್ತಿಗೆ ತೊಡೆ, ಹೊಟ್ಟೆ, ಪೃಷ್ಠ, ಎದೆಯ ಕೆಳಗೆ ಒಮ್ಮೆ ನೋಡಿ. ಹೊಸ ಕಲೆ, ಗಟ್ಟಿ ಉಂಡೆ, ಮುಟ್ಟಿದರೆ ನೋವು ಇದೆಯಾ ಕೇಳಿ. ಕಣ್ಣು ಕೆಂಪಗಾಗಿ ಚುಚ್ಚುವುದು, ಮೈ ತುರಿಕೆ ಇದ್ದರೆ ಅದನ್ನೂ ಗಮನಿಸಿ. ಹೆಂಗಸರು ಸಂಕೋಚ ಪಡುತ್ತಾರೆ. ಸೊಸೆಯೋ ಮಗಳೋ ನೋಡಲಿ, ಇಲ್ಲವೇ ನಮ್ಮಲ್ಲಿ ಪರದೆ ಎಳೆದು ನೋಡುತ್ತೇವೆ. ನೋವಿನ ಗುಳಿಗೆ, ಗ್ಯಾಸಿನ ಸಿರಪ್ಪು, ಆಯುರ್ವೇದದ್ದು, ಎಲ್ಲವನ್ನೂ ಒಂದು ಕೈಚೀಲದಲ್ಲಿ ತನ್ನಿ. ಕಲೆ ಇದ್ದರೆ ಸೂಜಿ ಹಾಕುವ ಮೊದಲೇ ಹೇಳಿ. ಒಮ್ಮೆ ಮಷೀನು ಶುರುವಾದರೆ ನಾಲ್ಕು ತಾಸು ಹೊರಳಾಡಲು ಆಗೋದಿಲ್ಲ, ನಿಮ್ಮ ತೊಡೆಯ ಹಿಂಬದಿ ನಮಗೆ ಕಾಣೋದೂ ಇಲ್ಲ.